ಮನೆಗೆ ಬರುವ ಹೊಸ ಡಬ್ಬ: ತರುವುದೇನು, ಒಯ್ಯುವುದೇನು?

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ಶಾಲೆಯಿಂದ ಬಂದು ಒದ್ದೆಯಾದ ಬುರ್ಖಾವನ್ನು ಹಗ್ಗಕ್ಕೆ ಹಾಕುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಕರೆದಂತಾಯಿತು. ನೋಡಿದರೆ ಒಬ್ಬ ತರುಣ. ಹೆಗಲಲ್ಲಿ ಚೀಲ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಬಣ್ಣ ಬಣ್ಣದ ಕರಪತ್ರ.

"ಆಂಟಿ, ನಿಮ್ಮ ಓಣಿಗೂ ಹೊಸ ನೆಟ್‌ವರ್ಕ್ ಬಂದಿದೆ. ಮಾಳಿಗೆ ಮೇಲೆ ಒಂದು ಡಬ್ಬ, ಮನೆಯೊಳಗೆ ಒಂದು ಡಬ್ಬ. ಇಂಟರ್ನೆಟ್, ಟಿವಿ, ಫೋನ್ ಮೂರೂ ಒಂದರಲ್ಲೇ. ಇವತ್ತು ಬುಕ್ ಮಾಡಿದರೆ ಹಾಕುವ ಖರ್ಚು ಇಲ್ಲ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ.

"ಮನೆಯವರು ಬರಲಿ, ಕೇಳಿ ಹೇಳುತ್ತೇವೆ" ಎಂದು ಅವನನ್ನು ಕಳಿಸಿದೆ. ಅವನು ಅತ್ತ ಹೋಗುತ್ತಿದ್ದಂತೆ ಎದುರು ಮನೆಯ ಖಾಲಾ ಅದೇ ಕರಪತ್ರ ಹಿಡಿದು ಬಂದರು. ಅವರ ಮಗ ಸೌದಿ ಅರೇಬಿಯಾದಲ್ಲಿ ಚಾಲಕನಾಗಿ ದುಡಿಯುತ್ತಿದ್ದಾನೆ. ಮನೆಯಲ್ಲಿ ಖಾಲಾ, ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು.

"ಬೇಟಿ, ನೀನು ಓದಿದವಳು. ಸರಿಯಾಗಿ ನೋಡಿ ಹೇಳು. ಇದನ್ನು ಹಾಕಿಸಿಕೊಂಡರೆ ನನ್ನ ಮಗನ ಮುಖ ನಡುವೆ ನಿಲ್ಲದೆ ಕಾಣುತ್ತದಾ?"

ಅವರ ಪ್ರಶ್ನೆ ಅಷ್ಟೇ. ಆದರೆ ಉತ್ತರ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನಗಳಲ್ಲಿ ಕೇಳಿ, ಓದಿ, ಲೆಕ್ಕ ಹಾಕಿ ತಿಳಿದುಕೊಂಡದ್ದನ್ನು ಸಹೋದರಿಯರೊಂದಿಗೆ ಹಂಚಿಕೊಳ್ಳುವುದು ಒಳ್ಳೆಯದೆನಿಸಿತು. ಏಕೆಂದರೆ ಇಂಥ ಕರಪತ್ರ ಇಂದಲ್ಲ ನಾಳೆ ಎಲ್ಲರ ಬಾಗಿಲಿಗೂ ಬರುತ್ತದೆ.

ಗಾಜಿನ ಬೂತಿನ ಆ ದಿನಗಳು

ನಮ್ಮ ಆನವಟ್ಟಿ ಸೊರಬ ತಾಲ್ಲೂಕಿನ ಊರು. ಒಂದು ದಾರಿ ಶಿರಾಳಕೊಪ್ಪಕ್ಕೆ, ಒಂದು ಹಾನಗಲ್ಲಿಗೆ, ಇನ್ನೊಂದು ಸೊರಬಕ್ಕೆ. ಮಲೆನಾಡಿನ ಸೆರಗು, ಬಯಲುಸೀಮೆಯ ಅಂಚು ಎರಡೂ ಇಲ್ಲಿ ಸೇರುತ್ತವೆ. ನಾನು ಚಿಕ್ಕವಳಿದ್ದಾಗ ಮನೆಯ ಮನರಂಜನೆಯೆಂದರೆ ಭದ್ರಾವತಿ ಆಕಾಶವಾಣಿ. ದೂರದ ಊರಿಗೆ ಹೋದವರ ಸುದ್ದಿಯೆಂದರೆ ಅಂಚೆಯಣ್ಣ ತರುವ ಇನ್‌ಲ್ಯಾಂಡ್ ಪತ್ರ. ಕೊಲ್ಲಿಗೆ ಹೋದವರ ಮನೆಗಳಲ್ಲಿ ಕ್ಯಾಸೆಟ್ಟಿಗೆ ಮಾತು ತುಂಬಿ, ರಜೆಯಲ್ಲಿ ಬಂದು ಹಿಂದಿರುಗುವವರ ಕೈಯಲ್ಲಿ ಕಳಿಸುವ ಪದ್ಧತಿಯೂ ಇತ್ತು. ಮಗುವಿನ ತೊದಲು ನುಡಿ ಅಪ್ಪನಿಗೆ ತಲುಪುವಷ್ಟರಲ್ಲಿ ಮಗು ನಡೆಯಲು ಕಲಿತಿರುತ್ತಿತ್ತು.

ಆಮೇಲೆ ಎಸ್‌ಟಿಡಿ ಬೂತ್ ಬಂತು. ಹಳ್ಳಿಗಳಿಗೆ ದೂರವಾಣಿ ಬಂದ ಕಥೆಯಲ್ಲಿ ನಮ್ಮ ಕರ್ನಾಟಕಕ್ಕೆ ಒಂದು ವಿಶೇಷ ಸ್ಥಾನವಿದೆ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದ ಮುಖ್ಯ ವ್ಯಕ್ತಿ. ವಿದೇಶದಿಂದ ತರಿಸಿದ ದೂರವಾಣಿ ವಿನಿಮಯ ಯಂತ್ರಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ನಮ್ಮ ಹಳ್ಳಿಗಳಲ್ಲಿ ಅದೆಲ್ಲಿಂದ ಬರಬೇಕು? ಬಿಸಿಲು, ಧೂಳು ತಡೆದುಕೊಂಡು ಕೆಲಸ ಮಾಡುವ 128 ಸಂಪರ್ಕಗಳ ಪುಟ್ಟ ಯಂತ್ರವನ್ನು ಸಿ-ಡಾಟ್ ತಯಾರಿಸಿತು. ಅದನ್ನು ಮೊದಲು ಕೂರಿಸಿದ್ದು 1986ರಲ್ಲಿ, ರಾಣಿ ಚೆನ್ನಮ್ಮನ ಊರಾದ ಕಿತ್ತೂರಿನಲ್ಲಿ. ಅಲ್ಲಿಂದ ದೇಶದ ಹಳ್ಳಿ ಹಳ್ಳಿಗೆ ದೂರವಾಣಿ ಹಬ್ಬಿತು.

ಖಾಲಾ ಆ ಬೂತಿನ ದಿನಗಳನ್ನು ಈಗಲೂ ಮರೆತಿಲ್ಲ. ಆಗ ಕೊಲ್ಲಿಯಲ್ಲಿದ್ದದ್ದು ಅವರ ಪತಿ. "ಗಾಜಿನ ಬಾಗಿಲು ಮುಚ್ಚಿದರೂ ಹೊರಗೆ ನಿಂತವರಿಗೆಲ್ಲ ಕೇಳುತ್ತಿತ್ತು. ಕಣ್ಣು ಮಾತ್ರ ಮೀಟರಿನ ಕೆಂಪು ಅಂಕಿಯ ಮೇಲೆ. ಮನಸ್ಸಿನಲ್ಲಿದ್ದದ್ದು ಒಂದು, ಬಾಯಲ್ಲಿ ಬಂದದ್ದು ಇನ್ನೊಂದು. ಹುಷಾರಾಗಿದ್ದೀರಾ, ಹುಷಾರಾಗಿದ್ದೇವೆ, ಅಷ್ಟರಲ್ಲೇ ದುಡ್ಡು ಮುಗಿಯುತ್ತಿತ್ತು" ಎನ್ನುತ್ತಾರೆ. ಹೆಂಡತಿ ಗಂಡನೊಡನೆ ಮನಬಿಚ್ಚಿ ಮಾತನಾಡಲು ನಾಲ್ಕು ಗೋಡೆಯ ಮರೆ ಸಿಗದ ಕಾಲ ಅದು. ಫೋನ್ ಮನೆಯೊಳಗೆ ಬಂದದ್ದು ನಮ್ಮಂಥ ಹೆಣ್ಣುಮಕ್ಕಳಿಗೆ ಎಂಥ ದೊಡ್ಡ ಅನುಕೂಲವಾಯಿತೆಂಬುದು ಆ ಬೂತಿನಲ್ಲಿ ನಿಂತವರಿಗೇ ಗೊತ್ತು.

ಕೈಗೆ ಬಂದ ಫೋನ್, ಇಳಿದ ದರ

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಕೋಲ್ಕತ್ತಾದಿಂದ ಆಗಿನ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಆ ಕಾಲದಲ್ಲಿ ನಾವು ಮಾಡಿದ ಕರೆಗಷ್ಟೇ ಅಲ್ಲ, ನಮಗೆ ಬಂದ ಕರೆಗೂ ಹಣ ಕೊಡಬೇಕಿತ್ತು. 2003ರ ಮೇ ತಿಂಗಳಲ್ಲಿ ಕರೆ ಮಾಡಿದವರೇ ಹಣ ಕೊಡುವ ಪದ್ಧತಿ ಬಂದ ನಂತರವೇ ಮೊಬೈಲ್ ಬಡವರ ಮನೆಯ ಹೊಸ್ತಿಲು ದಾಟಿತು. 'ಮಿಸ್ಡ್ ಕಾಲ್' ಎಂಬ ಹೊಸ ಭಾಷೆಯೂ ಆಗಲೇ ಹುಟ್ಟಿದ್ದು.

ಮುಂದಿನ ದೊಡ್ಡ ಬದಲಾವಣೆ 2016ರ ಸೆಪ್ಟೆಂಬರ್ 5ರಂದು ಜಿಯೋ 4ಜಿ ಸೇವೆ ಆರಂಭವಾದಾಗ. ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ 2014ರಲ್ಲಿ ಒಂದು ಜಿಬಿ ಡೇಟಾಕ್ಕೆ ಸರಾಸರಿ 269 ರೂಪಾಯಿ ಆಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ಹತ್ತು ರೂಪಾಯಿಯ ಆಸುಪಾಸಿಗೆ ಇಳಿಯಿತು. ಇಳಿದದ್ದು ಇಳಿದೇ ಇರುತ್ತದೆಂದು ತಿಳಿಯಬಾರದು. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ರೀಚಾರ್ಜ್ ದರವನ್ನು ಒಮ್ಮೆಲೇ ಏರಿಸಿದವು. ಮೊದಲು ಅಗ್ಗವಾಗಿ ಕೊಟ್ಟು ಅಭ್ಯಾಸ ಹಿಡಿಸುವುದು, ಆಮೇಲೆ ಬೆಲೆ ಏರಿಸುವುದು ವ್ಯಾಪಾರದ ಹಳೆಯ ದಾರಿ.

ಅದೇ ಸಮಯಕ್ಕೆ ಇನ್ನೊಂದು ಅನುಕೂಲವೂ ಆಗಿದೆ. ಸೌದಿ ಅರೇಬಿಯಾ 2017ರ ಸೆಪ್ಟೆಂಬರಿನಲ್ಲಿ ಇಂಟರ್ನೆಟ್ ಕರೆಗಳ ಮೇಲಿದ್ದ ನಿಷೇಧವನ್ನು ಸಡಿಲಿಸಿತು. ಇಲ್ಲಿ ಡೇಟಾ ಅಗ್ಗ, ಅಲ್ಲಿ ಅನುಮತಿ. ಎರಡೂ ಕೂಡಿದ್ದರಿಂದಲೇ ಇಂದು ಖಾಲಾ ರಾತ್ರಿ ರೊಟ್ಟಿ ತಟ್ಟುತ್ತಾ ಮಗನ ಮುಖ ನೋಡುವಂತಾಗಿದೆ.

ಗುಡ್ಡ ಹತ್ತಿದ ಮಕ್ಕಳು

ಆದರೆ ಮಲೆನಾಡಿಗೆ ಈ ಭಾಗ್ಯ ಪೂರ್ತಿಯಾಗಿ ಬರಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಅದು ಎದ್ದು ಕಂಡಿತು. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಛತ್ರಿ ಹಿಡಿದು ಗುಡ್ಡ ಹತ್ತಿದರು. ಗಂಡುಮಕ್ಕಳು ಹೇಗೋ ಹತ್ತಿದರು. ಹರೆಯದ ಹೆಣ್ಣುಮಗಳನ್ನು ಒಂಟಿಯಾಗಿ ಗುಡ್ಡಕ್ಕೆ ಕಳಿಸುವ ಧೈರ್ಯ ಯಾವ ತಾಯಿಗೆ ಬಂದೀತು? ಆ ವರ್ಷ ಜುಲೈಯಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ 'ಸಂವೇದ' ಪಾಠಗಳು ಬರತೊಡಗಿದವು. ಟಿವಿ ಎಂದರೆ ಮಕ್ಕಳನ್ನು ಕೆಡಿಸುವ ಪೆಟ್ಟಿಗೆ ಎಂದು ಮೂಲೆಗೆ ತಳ್ಳಿದ್ದ ಮನೆಗಳಲ್ಲೂ ಅದನ್ನು ಒರೆಸಿ ಮತ್ತೆ ಹಚ್ಚಿದ್ದನ್ನು ನಾನು ಕಂಡಿದ್ದೇನೆ. ಅದರ ಮುಂದಿನ ದಿನಗಳಲ್ಲಿ ಸಾಗರ, ಹೊಸನಗರ ಕಡೆಯ ಹಳ್ಳಿಗಳಲ್ಲಿ 'ನೆಟ್‌ವರ್ಕ್ ಇಲ್ಲದಿದ್ದರೆ ಮತದಾನವಿಲ್ಲ' ಎಂಬ ಅಭಿಯಾನವೇ ನಡೆಯಿತು.

ಸಂಪರ್ಕವಿಲ್ಲದ ಸುಮಾರು 24,680 ಹಳ್ಳಿಗಳಿಗೆ 4ಜಿ ಕೊಡುವ 26,316 ಕೋಟಿ ರೂಪಾಯಿಯ ಯೋಜನೆಗೆ 2022ರ ಜುಲೈಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಆ ಕೆಲಸ ಬಿಎಸ್‌ಎನ್‌ಎಲ್‌ಗೆ ಬಂತು. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿಯವರು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲವನ್ನು ಉದ್ಘಾಟಿಸಿದರು. 97,500ಕ್ಕೂ ಹೆಚ್ಚು ಟವರ್‌ಗಳೆಂದು ಆಗ ಪ್ರಕಟಿಸಲಾಯಿತು. ಆ ಜಾಲದ ಮುಖ್ಯ ಭಾಗವನ್ನು ರೂಪಿಸಿದ್ದು ಅಂದು ಕಿತ್ತೂರಿಗೆ ಪುಟ್ಟ ವಿನಿಮಯ ಯಂತ್ರ ಕೊಟ್ಟ ಅದೇ ಸಿ-ಡಾಟ್. ಟವರಿನ ರೇಡಿಯೋ ಉಪಕರಣ ತಯಾರಿಸಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಸುಮಾರು ನಲವತ್ತು ವರ್ಷಗಳಲ್ಲಿ ಸುತ್ತು ತಿರುಗಿ ಮತ್ತೆ ಅಲ್ಲಿಗೇ ಬಂದಂತಾಯಿತು.

ಡಬ್ಬ ಕೆಲಸ ಮಾಡುವುದು ಹೇಗೆ?

ಇನ್ನು ಕರಪತ್ರದ ವಿಷಯಕ್ಕೆ ಬರೋಣ. ಮನೆಗೆ ಇಂಟರ್ನೆಟ್ ಬರುವ ದಾರಿ ಎರಡು. ಒಂದು, ಕೂದಲಿನಷ್ಟು ತೆಳುವಾದ ಗಾಜಿನ ಎಳೆಯ ತಂತಿ, ಅಂದರೆ ಫೈಬರ್. ಜಿಯೋ ಫೈಬರ್ 2019ರ ಸೆಪ್ಟೆಂಬರಿನಲ್ಲಿ ಬಂತು. ಬಿಎಸ್‌ಎನ್‌ಎಲ್ ತನ್ನ ಫೈಬರ್ ಗ್ರಾಹಕರಿಗೆ ಟಿವಿ ವಾಹಿನಿಗಳನ್ನೂ ಕೊಡುವ ಸೇವೆಯನ್ನು 2024ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶ, ತಮಿಳುನಾಡುಗಳಿಂದ ಆರಂಭಿಸಿತು. ಎರಡನೆಯದು, ತಂತಿಯಿಲ್ಲದೆ ಗಾಳಿಯಲ್ಲೇ ಬರುವ ಸಂಪರ್ಕ. 5ಜಿ ನಮ್ಮ ದೇಶಕ್ಕೆ ಬಂದದ್ದು 2022ರ ಅಕ್ಟೋಬರ್ 1ರಂದು. ಅದನ್ನೇ ಬಳಸಿ ಏರ್‌ಟೆಲ್ 2023ರ ಆಗಸ್ಟ್‌ನಲ್ಲಿ, ಜಿಯೋ ಅದೇ ಸೆಪ್ಟೆಂಬರ್ 19ರಂದು 'ಏರ್‌ಫೈಬರ್' ಹೆಸರಿನ ಸೇವೆ ಆರಂಭಿಸಿದವು. ಮಾಳಿಗೆಯ ಮೇಲಿನ ಡಬ್ಬ ಟವರಿನ ಸಂಕೇತವನ್ನು ಹಿಡಿಯುತ್ತದೆ. ಒಳಗಿನ ಡಬ್ಬ ಅದನ್ನು ವೈಫೈ ಮಾಡಿ ಮನೆಗೆಲ್ಲ ಹಂಚುತ್ತದೆ. ಅಲ್ಲಿಂದ ಟಿವಿ, ಅಲ್ಲಿಂದಲೇ ಫೋನ್.

ಒಂದು ಮಾತನ್ನು ಮಲೆನಾಡಿನವರು ತಿಳಿದಿರಬೇಕು. ನಮ್ಮ ಕಡೆ ಡೊಳ್ಳು ಬಾರಿಸಿದರೆ ಊರಾಚೆಗೂ ಕೇಳುತ್ತದೆ. ಕಾಲ್ಗೆಜ್ಜೆಯ ದನಿ ಪಕ್ಕದ ಮನೆಗೂ ಕೇಳುವುದಿಲ್ಲ. ರೇಡಿಯೋ ಅಲೆಗಳೂ ಹಾಗೆಯೇ. 700 ಮೆಗಾಹರ್ಟ್ಸ್‌ನ ಅಲೆ ಡೊಳ್ಳಿನ ದನಿಯಂತೆ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. 5ಜಿಗೆ ಬಳಸುವ 3300 ಮೆಗಾಹರ್ಟ್ಸ್‌ನ ಅಲೆ ಹೆಚ್ಚು ಹೊರೆ ಹೊರುತ್ತದೆ, ಆದರೆ ದೂರ ನಡೆಯದು. ಗುಡ್ಡ, ದಪ್ಪ ಗೋಡೆ, ಮಳೆಯಲ್ಲಿ ನೆನೆದ ಮರದ ಎಲೆಗಳೆಲ್ಲ ಅದಕ್ಕೆ ಅಡ್ಡಿ. ಟವರ್ ಹತ್ತಿರವಿರುವ ಮನೆಗೂ ತೋಟದ ನಡುವಿನ ಮನೆಗೂ ಒಂದೇ ವೇಗ ಸಿಗದಿರುವುದು ಇದರಿಂದಲೇ.

ಇನ್ನೊಂದು, ಕರೆಂಟ್. ಹಳೆಯ ಲ್ಯಾಂಡ್‌ಲೈನ್ ಫೋನಿಗೆ ವಿದ್ಯುತ್ತು ಆ ತಂತಿಯಲ್ಲೇ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅದು ಗಣಗಣ ಎನ್ನುತ್ತಿತ್ತು. ಈ ಡಬ್ಬ ಹಾಗಲ್ಲ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಇಂಟರ್ನೆಟ್, ಟಿವಿ, ಫೋನ್ ಮೂರೂ ಒಟ್ಟಿಗೆ ಮಲಗುತ್ತವೆ. ಬೇಕೆಂದರೆ ಸಣ್ಣ ಯುಪಿಎಸ್ ಕೊಳ್ಳಬೇಕು. ಅದೂ ಒಂದು ಖರ್ಚೇ.

ಅಡುಗೆಮನೆಯ ಲೆಕ್ಕ

ಮನೆಯ ಲೆಕ್ಕ ಹಿಡಿಯುವವರು ನಾವು. ಆದ್ದರಿಂದ ದೊಡ್ಡ ಅಕ್ಷರದ ಬೆಲೆಯ ಪಕ್ಕದಲ್ಲಿರುವ ಸಣ್ಣ ಅಕ್ಷರವನ್ನೂ ಓದಬೇಕು. 2023ರಲ್ಲಿ ಜಿಯೋ ಏರ್‌ಫೈಬರ್‌ನ ಕನಿಷ್ಠ ಯೋಜನೆ ತಿಂಗಳಿಗೆ 599 ರೂಪಾಯಿ ಎಂದು ಪ್ರಕಟವಾಯಿತು. ಅದಕ್ಕೆ ನೂರಕ್ಕೆ 18ರಂತೆ ಜಿಎಸ್‌ಟಿ ಸೇರಿದರೆ 707 ರೂಪಾಯಿ. ವರ್ಷಕ್ಕೆ ಸುಮಾರು 8,480. ಕೇಬಲ್ ಟಿವಿಗೆ 2019ರಲ್ಲಿ ಜಾರಿಗೆ ಬಂದ ಟ್ರಾಯ್ ನಿಯಮದಂತೆ ಆಗ ಮೂಲ ಶುಲ್ಕ ಹೆಚ್ಚೆಂದರೆ 130 ಇತ್ತು. ತೆರಿಗೆ ಸೇರಿ 153 ರೂಪಾಯಿ ಆಗುತ್ತಿತ್ತು. ಬೇಕಾದ ಹಣದ ವಾಹಿನಿಗಳು ಅದಕ್ಕೆ ಮೇಲೆ. ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಶುಲ್ಕವೇ ಇಲ್ಲ, ತಟ್ಟೆ ಮತ್ತು ಪೆಟ್ಟಿಗೆಗೆ ಒಮ್ಮೆ ಕೊಟ್ಟರಾಯಿತು.

ಡಬ್ಬ ಬಂದ ಮೇಲೆ ಮೊಬೈಲ್ ರೀಚಾರ್ಜ್ ತಪ್ಪಿತೆಂದು ಲೆಕ್ಕ ಹಾಕಬೇಡಿ. ವೈಫೈ ಹೊಸ್ತಿಲವರೆಗೆ ಮಾತ್ರ. ಆಸ್ಪತ್ರೆಗೆ, ಸಂತೆಗೆ, ತವರಿಗೆ ಹೊರಟಾಗ ಮೊಬೈಲಿನ ಸಿಮ್ಮೇ ಬೇಕು. ಇಲ್ಲಿ ಉಳಿತಾಯಕ್ಕೆ ಒಂದು ದಾರಿಯಿದೆ. ಡೇಟಾ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರವಿರುವ ರೀಚಾರ್ಜ್ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಆದೇಶಿಸಿದೆ. ಮನೆಯ ಹಿರಿಯರಿಗೆ ಅದು ಸಾಕು. ಅಂಗಡಿಯವರು ತಾವಾಗಿ ಹೇಳದಿರಬಹುದು, ನಾವೇ ಕೇಳಬೇಕು.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲ ವರ್ಷಗಳ ಹಿಂದೆ ಒಂದು ಕಂಪನಿಯ ಸಂಪರ್ಕವನ್ನು ಓದದೆ ಸಹಿ ಹಾಕಿ ತೆಗೆದುಕೊಂಡೆ. ಆರು ತಿಂಗಳಿಗೆ ಬೇಡವೆನಿಸಿತು. ಕೊಟ್ಟ ಠೇವಣಿ ಕೇಳಿದರೆ "ಒಂದು ವರ್ಷ ಮುಗಿದಿಲ್ಲ, ನಿಯಮದಲ್ಲಿದೆ" ಎಂದರು. ತೆಗೆದು ನೋಡಿದರೆ ನಿಜವಾಗಿಯೂ ಇತ್ತು, ಕೊನೆಯ ಪುಟದಲ್ಲಿ! ದಿನವೂ ಮಕ್ಕಳಿಗೆ "ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ" ಎನ್ನುವ ನಾನೇ ಪೂರ್ತಿ ಓದಿರಲಿಲ್ಲ.

ಟಿವಿ ಎಂಬ ಅತಿಥಿ

ಹಳೆಯ ಟಿವಿಗೆ ಒಂದು ಗುಣವಿತ್ತು. ಕಾರ್ಯಕ್ರಮ ಮುಗಿಯುತ್ತಿತ್ತು. ವಾರದ ಸಿನಿಮಾ ಮುಗಿದರೆ ಮತ್ತೆ ಮುಂದಿನ ವಾರವೇ. ಹೊಸ ಟಿವಿಗೆ ಮುಗಿಯುವುದೆಂಬುದೇ ಇಲ್ಲ. ಒಂದು ಕಂತು ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಎಂಬ ಮೊಬೈಲಿನ ಮಿತಿ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ತಡೆಗೋಡೆಯಾಗಿತ್ತು; ಡೇಟಾ ಮುಗಿದರೆ ಆಟವೂ ಮುಗಿಯಿತು. ಉತ್ತಮ ಗುಣಮಟ್ಟದ ವೀಡಿಯೋ ಗಂಟೆಗೆ ಎರಡು ಮೂರು ಜಿಬಿ ನುಂಗುತ್ತದೆ. ಡಬ್ಬ ಬಂದ ಮೇಲೆ ಆ ಗೋಡೆ ಬೀಳುತ್ತದೆ. ಅದರ ಜಾಗದಲ್ಲಿ ತಾಯಿ ತಂದೆಯೇ ಗೋಡೆಯಾಗಬೇಕು.

ಬೈಯುವುದರಿಂದ ಆಗದ ಕೆಲಸ ಮನೆಯ ಕ್ರಮದಿಂದ ಆಗುತ್ತದೆ. ಟಿವಿ ನಡುಮನೆಯಲ್ಲಿರಲಿ, ಮಲಗುವ ಕೋಣೆಯಲ್ಲಿ ಬೇಡ. ಮಗ್ರಿಬ್‌ನಿಂದ ಇಶಾವರೆಗೆ ಆರಿರಲಿ. ಆ ಹೊತ್ತು ಪುಸ್ತಕಕ್ಕೆ, ಮಾತಿಗೆ ಮೀಸಲು. ಈ ನಿಯಮ ದೊಡ್ಡವರಿಗೂ ಅನ್ವಯಿಸಬೇಕು. ಅಬ್ಬಾ ಫೋನ್ ನೋಡುತ್ತಾ "ಟಿವಿ ಆರಿಸು" ಎಂದರೆ ಯಾವ ಮಗು ಕೇಳೀತು? ಸೆಟ್‌ಟಾಪ್ ಪೆಟ್ಟಿಗೆಯಲ್ಲಿ ಗುಪ್ತಸಂಖ್ಯೆ ಹಾಕಿ ಬೇಡದ್ದನ್ನು ಮುಚ್ಚುವ ಸೌಲಭ್ಯವಿರುತ್ತದೆ. ಹಾಕಲು ಬಂದ ಹುಡುಗನಿಂದ ಅಂದೇ ಕಲಿತುಕೊಳ್ಳಿ. ನಾಳೆ ಅವನು ಸಿಗುವುದಿಲ್ಲ.

ಫೋನ್ ಯಾರ ಕೈಯಲ್ಲಿದೆ?

ಇದು ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ನೂರಕ್ಕೆ 54 ಮಂದಿ ಮಾತ್ರ. ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು 33.

ನಮ್ಮ ಓಣಿಯಲ್ಲೇ ವಿಚಾರಿಸಿದೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದಾಗ ಹಲವು ಸಹೋದರಿಯರು ಮೈದುನನದೋ ಮಗನದೋ ಮೊಬೈಲ್ ಸಂಖ್ಯೆ ಬರೆಸಿದ್ದರು. ಹಣ ತಮ್ಮ ಖಾತೆಗೆ, ಸಂದೇಶ ಇನ್ನೊಬ್ಬರ ಫೋನಿಗೆ! ಹಣ ಬಂತೋ ಇಲ್ಲವೋ ತಿಳಿಯಲು ಆ ಹುಡುಗ ಮನೆಗೆ ಬರುವವರೆಗೆ ಕಾಯಬೇಕು. ಐದುನೂರು ವಾಹಿನಿಗಳ ಟಿವಿ ಮನೆಗೆ ಬಂದು, ಮನೆಯೊಡತಿಯ ಹೆಸರಿನಲ್ಲಿ ಒಂದು ಸಿಮ್ ಇಲ್ಲದಿದ್ದರೆ ಅದನ್ನು ಸೌಲಭ್ಯವೆನ್ನಲಾದೀತೇ?

ಸಹಿ ಹಾಕುವ ಮುನ್ನ

1. ತೆರಿಗೆ ಸೇರಿ ಒಟ್ಟು ಎಷ್ಟು, ಎಷ್ಟು ತಿಂಗಳ ಹಣ ಮುಂಗಡ ಎಂಬುದನ್ನು ಬರೆಸಿಕೊಳ್ಳಿ.

2. ಡಬ್ಬ ನಮ್ಮದೋ ಕಂಪನಿಯದೋ? ಬೇಡವೆಂದಾಗ ಯಾವ ಹಣ ಹಿಂತಿರುಗುತ್ತದೆ?

3. 'ಅನ್‌ಲಿಮಿಟೆಡ್' ಎಂದರೂ ತಿಂಗಳಿಗೆ ಒಂದು ಮಿತಿಯಿರುತ್ತದೆ, ಅದು ದಾಟಿದರೆ ವೇಗ ಇಳಿಯುತ್ತದೆ. ಆ ಮಿತಿ ಎಷ್ಟೆಂದು ಕೇಳಿ.

4. ಅದೇ ಕಂಪನಿಯ ಸಿಮ್ ಇರುವ ಫೋನನ್ನು ನಿಮ್ಮ ಮನೆಯಲ್ಲೇ, ಸಂಜೆ ಎಲ್ಲರೂ ಬಳಸುವ ಹೊತ್ತಿನಲ್ಲಿ ಪರೀಕ್ಷಿಸಿ.

5. ಹಾಕಲು ಬರುವ ದಿನ ಮನೆಯಲ್ಲಿ ಹಿರಿಯರೊಬ್ಬರು ಇರಲಿ. ವೈಫೈ ಗುಪ್ತಪದವನ್ನು ಅವರು ಹೋದ ಮೇಲೆ ಬದಲಾಯಿಸಿ.

6. ಆಧಾರ್ ಪ್ರತಿ ಕೊಟ್ಟರೆ ಏತಕ್ಕೆಂದು ಅದರ ಮೇಲೆ ಬರೆಯಿರಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಸರ್ಕಾರದ 'ಸಂಚಾರ ಸಾಥಿ'ಯಲ್ಲಿ ನೋಡಬಹುದು.

7. ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ. ಮೋಸ ಹೋದರೆ ನಾಚಿಕೆಪಟ್ಟು ಮುಚ್ಚಿಡದೆ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಖಾಲಾಗೆ ಹೇಳಿದ ಉತ್ತರ

ನಾಲ್ಕನೆಯ ದಿನ ಸಂಜೆ ಖಾಲಾ ಮನೆಗೆ ಹೋದೆ. ಮಗನ ಕರೆ ಬಂದಾಗ ಪಕ್ಕದಲ್ಲೇ ಕುಳಿತು ನೋಡಿದೆ. ಚಿತ್ರ ನಿಂತಿತು. ನನ್ನ ಫೋನಿನಲ್ಲಿ ಬೇರೆ ವೀಡಿಯೋ ಹಚ್ಚಿದರೆ ಸಲೀಸಾಗಿ ಓಡಿತು. ಹಾಗಾದರೆ ತೊಂದರೆ ಎಲ್ಲಿ? ಮಗನನ್ನೇ ಕೇಳಿದೆ. "ಆಪಾ, ಇಲ್ಲಿ ಒಂದು ವೈಫೈಗೆ ನಾವು ಹನ್ನೆರಡು ಜನ. ಕೆಲಸ ಮುಗಿಸಿ ಬಂದು ಎಲ್ಲರೂ ಒಂದೇ ಹೊತ್ತಿಗೆ ಮನೆಗೆ ಕರೆ ಮಾಡುತ್ತೇವೆ" ಎಂದ.

ಕರೆಗೆ ಎರಡು ತುದಿ ಎಂಬುದನ್ನು ನಾವು ಮರೆತಿದ್ದೆವು. ಇಲ್ಲಿ ಎಷ್ಟೇ ದೊಡ್ಡ ಡಬ್ಬ ಹಾಕಿಸಿದರೂ ಅಲ್ಲಿನ ಇಕ್ಕಟ್ಟು ಸಡಿಲವಾಗುವುದಿಲ್ಲ. ಮುಖ ನೋಡಿ ಮಾತನಾಡಲು ಒಂದೆರಡು ಎಂಬಿಪಿಎಸ್ ವೇಗ ಸಾಕು, ಮೂವತ್ತು ಬೇಕಿಲ್ಲ. ಅಲ್ಲಿಗೂ ನಮಗೂ ಎರಡೂವರೆ ಗಂಟೆಯ ಅಂತರ. ಗೆಳೆಯರು ಏಳುವ ಮೊದಲು, ಅವನ ಬೆಳಗಿನ ಹೊತ್ತಿನಲ್ಲಿ ಕರೆ ಮಾಡುವುದೆಂದು ಗೊತ್ತು ಮಾಡಿದೆವು. ಇಲ್ಲಿ ಖಾಲಾ ಒಳಕೋಣೆ ಬಿಟ್ಟು ಕಿಟಕಿಯ ಬಳಿ ಕೂರಬೇಕು.

ಖಾಲಾ ಡಬ್ಬ ಹಾಕಿಸಲಿಲ್ಲ. ಆ ವಾರವೇ ಸೊಸೆಯನ್ನು ಕರೆದುಕೊಂಡು ಹೋಗಿ ಅವಳ ಹೆಸರಿನಲ್ಲೇ ಒಂದು ಸಿಮ್ ಮಾಡಿಸಿ, ಬ್ಯಾಂಕಿನಲ್ಲೂ ಆ ಸಂಖ್ಯೆ ಬರೆಸಿ ಬಂದರು. ನಮ್ಮ ಮನೆಯಲ್ಲಿ ಹಾಕಿಸಿದೆವು. ಮಗಳು ಪಿಯುಸಿ, ದಿನವೂ ಪಾಠದ ವೀಡಿಯೋಗಳು ಬೇಕು. ನಾಲ್ವರ ರೀಚಾರ್ಜಿನಲ್ಲಿ ಎರಡನ್ನು ಕರೆಯ ಯೋಜನೆಗೆ ಇಳಿಸಿದ್ದರಿಂದ ಭಾರವೂ ತುಸು ಕಡಿಮೆಯಾಯಿತು. ಅವರಿಗೆ ಬೇಡವಾದದ್ದು ನಮಗೆ ಬೇಕಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಳೆಯ ಮಾತು. ಕಾಲು ಎಷ್ಟು ಉದ್ದವೆಂದು ಅಳೆಯದೆ ಹಾಸಿಗೆ ಕೊಳ್ಳುವುದೂ ಜಾಣತನವಲ್ಲ.

ಮೊನ್ನೆ ಬೆಳಿಗ್ಗೆ ಶಾಲೆಗೆ ಹೊರಟಾಗ ಖಾಲಾ ಕಿಟಕಿಯ ಬಳಿ ಕುಳಿತಿದ್ದರು. ಹೊರಗೆ ಜಡಿಮಳೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದು "ನಾಷ್ಟಾ ಆಯ್ತಾ ಬೇಟಾ? ಕಣ್ಣು ಯಾಕೆ ಕೆಂಪಗಿದೆ?" ಎಂದು ಕೇಳುತ್ತಿದ್ದರು. ಅಂದು ಗಾಜಿನ ಬೂತಿನಲ್ಲಿ ಕೇಳಲಾಗದೆ ಉಳಿದ ಪ್ರಶ್ನೆಗಳನ್ನೆಲ್ಲ ಈಗ ಬಿಡುವಾಗಿ ಕೇಳುತ್ತಿದ್ದಾರೆ.